ಮುನಿಯ ಕುದುರೆ ಯಾರದ್ದು? ‘ಮಾಲ್ಗುಡಿ ಡೇಸ್’ ಇಟ್ಟುಕೊಂಡು ಬಹುಸಂಸ್ಕೃತಿಯ ಪಾಠ ಮಾಡುವ ಬಗೆ

ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಬಂತು. ಬರೆದವರು ಆರ್.ಕೆ. ನಾರಾಯಣ್, ಇಂಗ್ಲಿಷಿನಲ್ಲಿ. ಕಥೆಯ ಊರು ತಮಿಳು ಸೀಮೆಯ ಒಂದು ಕಾಲ್ಪನಿಕ ಊರು. ಪಾತ್ರಗಳ ಮಾತು ಹಿಂದಿ. ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತನಾಗ್, ಮಾಸ್ಟರ್ ಮಂಜುನಾಥ್ ಹೀಗೆ ನಟರಲ್ಲಿ ಬಹುಪಾಲು ಕನ್ನಡದವರು, ಚಿತ್ರೀಕರಣ ಆಗಿದ್ದು ಆಗುಂಬೆಯಲ್ಲಿ. ಇಷ್ಟು ಭಾಷೆ, ಇಷ್ಟು ಊರು ಒಂದರ ಮೇಲೊಂದು ಕೂತಿದ್ದರೂ ನೋಡುವಾಗ ಅದು ‘ನಮ್ಮದು’ ಅನ್ನಿಸುತ್ತದೆ. ತರಗತಿಯಲ್ಲಿ ಬೇರೆ ಬೇರೆ ಭಾಷೆ, ಜಾತಿ, ಧರ್ಮ, ಪ್ರಾಂತ್ಯದ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸುಲಭಕ್ಕೆ ಸಿಗುವುದಿಲ್ಲ.

ಆದರೆ ಇಷ್ಟದ ಧಾರಾವಾಹಿಯಲ್ಲಿ ಒಂದು ತೊಡಕಿದೆ. ಅದರಲ್ಲಿ ಯಾರು ಒಳ್ಳೆಯವರು, ಯಾರನ್ನು ನೋಡಿ ನಗಬೇಕು ಎಂಬುದನ್ನು ನಾವು ಎಂದೋ ತೀರ್ಮಾನಿಸಿಬಿಟ್ಟಿರುತ್ತೇವೆ. ಪಾಠ ಶುರುವಾಗಬೇಕಾದ್ದು ಆ ತೀರ್ಮಾನವನ್ನು ಬಿಚ್ಚಿ ನೋಡುವುದರಿಂದ, ಅದೂ ಮಕ್ಕಳದ್ದಕ್ಕಿಂತ ಮೊದಲು ಮೇಷ್ಟ್ರದ್ದು.

ಮೊದಲು ನೀವೊಬ್ಬರೇ ಎರಡು ಸಲ ನೋಡಿ

ಒಂದು ಕಂತು ಇಪ್ಪತ್ತೆರಡು ನಿಮಿಷದ ಆಸುಪಾಸು. ಮೊದಲ ಸಲ ಏನೂ ಬರೆಯದೆ ನೋಡಿ. ಎರಡನೇ ಸಲ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿಕೊಳ್ಳಿ: ನಾನು ಯಾರ ಪಕ್ಷ ವಹಿಸಿದೆ, ಎಲ್ಲಿ ನಕ್ಕೆ, ಯಾರು ಈ ದೃಶ್ಯದಲ್ಲಿ ಇಲ್ಲವೇ ಇಲ್ಲ. ಪ್ರತಿ ಸಾಲಿನ ಪಕ್ಕ ನಿಮಿಷ, ಸೆಕೆಂಡು ಬರೆಯಿರಿ. ಕಂತು ಮುಗಿದ ಹತ್ತು ನಿಮಿಷದೊಳಗೆ ಅಂಕಣಗಳನ್ನು ತುಂಬಿ ಮುಗಿಸಬೇಕು. ತಡವಾದರೆ ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ.

ಎರಡನೇ ಅಂಕಣವೇ ಮುಖ್ಯ. ಒಬ್ಬನ ಉಡುಪಿಗೆ ನಕ್ಕಿರಾ, ಉಚ್ಚಾರಕ್ಕೆ ನಕ್ಕಿರಾ, ಬಡತನಕ್ಕೆ ನಕ್ಕಿರಾ, ಅಥವಾ ಅವನು ಮಾಡಿದ ತಪ್ಪಿಗೋ? ನೀವು ನಕ್ಕ ಜಾಗದಲ್ಲೇ ಮಕ್ಕಳೂ ನಗುತ್ತಾರೆ. ಅಲ್ಲಿ ಏನು ಕೇಳಬೇಕು ಎಂದು ಮೊದಲೇ ಗೊತ್ತಿದ್ದರೆ ಪಾಠ ಕೈತಪ್ಪುವುದಿಲ್ಲ.

ದೃಶ್ಯ ಆರಿಸುವುದು

ಇಡೀ ಕಂತನ್ನು ತೋರಿಸಿ ಆಮೇಲೆ ‘ಏನು ಕಲಿತಿರಿ’ ಎಂದು ಕೇಳಿದರೆ ಬರುವುದು ನೀತಿವಾಕ್ಯ. ನಾಲ್ಕರಿಂದ ಆರು ನಿಮಿಷದ ತುಣುಕು ಸಾಕು. ಆರಿಸುವಾಗ ಒಂದೇ ಕಟ್ಟುನಿಟ್ಟು: ಕೊನೆಗೆ ಎಲ್ಲರೂ ಒಂದಾಗುವ ದೃಶ್ಯ ಬೇಡ. ಇಬ್ಬರಿಗೂ ತಮ್ಮ ತಮ್ಮ ಕಾರಣ ಇರುವ, ಆದರೂ ಒಬ್ಬರಿಗೊಬ್ಬರು ಅರ್ಥವಾಗದೇ ಉಳಿಯುವ ದೃಶ್ಯ ಬೇಕು. ಒಂದಾಗುವ ದೃಶ್ಯದಲ್ಲಿ ಮಕ್ಕಳಿಗೆ ಮಾಡಲು ಕೆಲಸ ಉಳಿದಿರುವುದಿಲ್ಲ.

ಐದರಿಂದ ಏಳನೇ ತರಗತಿಗೆ ಲೀಲಾ ಮತ್ತು ಮನೆಯಾಳು ಸಿದ್ದನ ಕಥೆ ಒಗ್ಗುತ್ತದೆ. ಎಂಟು, ಒಂಬತ್ತಕ್ಕೆ ಮುನಿ ಮತ್ತು ಅಮೆರಿಕನ್ನನ ಕಥೆ, ಅಂದರೆ ಒಂದು ಕುದುರೆ ಎರಡು ಮೇಕೆಯ ಕಥೆ. ಪಿಯುಸಿಗೆ ಮಿಠಾಯಿವಾಲಾ ಕಂತುಗಳು: ಅಪ್ಪ ಜಗನ್, ಅಮೆರಿಕಕ್ಕೆ ಹೋದ ಮಗ ಮಾಲಿ, ಅವನ ಜೊತೆ ಬಂದ, ಅರ್ಧ ಕೊರಿಯನ್ ಮೂಲದ ಗ್ರೇಸ್. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮನೆಯಲ್ಲಿ ಹೊಂದಿಕೊಳ್ಳುವ ಕೆಲಸ ಯಾರ ಪಾಲಿಗೆ ಬಂತು? ಸ್ವಾಮಿ ಎಂಬ ಹುಡುಗನ ಶಾಲೆಯ ಎಬೆನೇಜರ್ ಮೇಷ್ಟ್ರ ತರಗತಿಯನ್ನು ಮಕ್ಕಳಿಗಿಂತ ಮೊದಲು ಸ್ಟಾಫ್ ರೂಮಿನಲ್ಲಿ ನೋಡಬೇಕು. ಕಾರಣ ಮುಂದಿದೆ.

ಸಲಕರಣೆ

ತುಣುಕನ್ನು ಶುರುವಾಗುವ ಜಾಗಕ್ಕೆ ತಂದು ನಿಲ್ಲಿಸಿಟ್ಟುಕೊಂಡೇ ತರಗತಿಗೆ ಹೋಗಿ. ಬೇರೆ ಬೇರೆ ಪ್ರತಿಗಳಲ್ಲಿ ಟೈಟಲ್‌ನ ಉದ್ದ ಬೇರೆ ಇರುತ್ತದೆ. ಆದ್ದರಿಂದ ಮನೆಯಲ್ಲಿ ಬರೆದುಕೊಂಡ ನಿಮಿಷ ಶಾಲೆಯ ಪ್ರತಿಗೆ ಹೊಂದದಿರಬಹುದು. ಸ್ಪೀಕರ್ ಬೇರೆಯೇ ಇರಲಿ, ಪ್ರೊಜೆಕ್ಟರಿನ ಒಳಗಿನ ಧ್ವನಿ ಐವತ್ತು ಮಕ್ಕಳ ಕೋಣೆಗೆ ಸಾಲದು. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ಒಂದು ಲ್ಯಾಪ್‌ಟಾಪಿಗೆ ಹನ್ನೆರಡು ಮಕ್ಕಳಿಗಿಂತ ಹೆಚ್ಚು ಬೇಡ, ಹಿಂದಿನವರಿಗೆ ಮುಖಭಾವ ಕಾಣುವುದಿಲ್ಲ. ಇಲ್ಲಿ ಮುಖಭಾವವೇ ಪಠ್ಯ. ಕಾಪಿರೈಟ್ ಬಗ್ಗೆ ಅಳುಕಿದ್ದರೆ: 1957ರ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಿಗಷ್ಟೇ ತೋರಿಸುವುದಕ್ಕೆ ಅವಕಾಶ ಕೊಟ್ಟಿದೆ. ಟಿಕೆಟ್ ಹಚ್ಚಿ ಊರಿಗೆಲ್ಲ ತೋರಿಸುವುದು ಅದರಲ್ಲಿ ಬರುವುದಿಲ್ಲ.

ಮುನಿಯ ಪಾಠ: ನಲವತ್ತು ನಿಮಿಷದ ಎರಡು ಪಿರಿಯಡ್

ಕಥೆ ಇಷ್ಟು. ಹಿಂದೆ ನಲವತ್ತು ಕುರಿ ಮೇಕೆ ಇದ್ದ ಬಡ ಮುದುಕ ಮುನಿಗೆ ಈಗ ಉಳಿದಿರುವುದು ಎರಡೇ ಮೇಕೆ. ಊರಾಚೆ ಮಣ್ಣಿನ ಕುದುರೆಯ ನೆರಳಲ್ಲಿ ಕೂತಿರುತ್ತಾನೆ. ಪೆಟ್ರೋಲ್ ಮುಗಿದ ಕಾರಿನಿಂದ ಒಬ್ಬ ಅಮೆರಿಕನ್ ಇಳಿದು ಬರುತ್ತಾನೆ. ಕುದುರೆ ಮುದುಕನದ್ದು ಎಂದುಕೊಂಡು ನೂರು ರೂಪಾಯಿ ಕೊಡುತ್ತಾನೆ. ತನ್ನ ಮೇಕೆಗಳಿಗೆ ಕೊಟ್ಟ ಹಣ ಎಂದುಕೊಂಡು ಮುನಿ ಹಿಗ್ಗುತ್ತಾ ಮನೆಗೆ ಹೋಗುತ್ತಾನೆ. ಹಿಂದೆಯೇ ಮೇಕೆಗಳೂ ಮನೆಗೆ ಬರುತ್ತವೆ!

ಮೂಲ ಕಥೆಯಲ್ಲಿ ಮುನಿಯದು ತಮಿಳು, ಬಂದವನದು ಇಂಗ್ಲಿಷ್. ಇಲ್ಲಿ ನೋಡುಗನಿಗೆ ಒಂದು ಅನುಕೂಲ ಇದೆ, ಅದೇ ಅಪಾಯ: ನಮಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಮೇಲೆ ಕೂತು ಇಬ್ಬರನ್ನೂ ನೋಡಿ ನಗುತ್ತೇವೆ. ಗೊತ್ತಿಲ್ಲದ ಭಾಷೆಯ ಎದುರು ನಿಂತವನ ಪಾಡು ನಮಗೆ ತಾಗುವುದೇ ಇಲ್ಲ. ಅದಕ್ಕೇ ಮೊದಲ ಸಲ ಧ್ವನಿ ಬಂದ್ ಮಾಡಿ ತೋರಿಸಬೇಕು.

ಮೊದಲ ಐದು ನಿಮಿಷ: ಕಥೆ ಹೇಳಬೇಡಿ, ಧಾರಾವಾಹಿಯ ಹೆಸರನ್ನೂ ಹೇಳಬೇಡಿ. “ಇಬ್ಬರು ಎದುರಾಗ್ತಾರೆ. ಧ್ವನಿ ಇರಲ್ಲ. ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀರಿ” ಎಂದಷ್ಟೇ ಹೇಳಿ. ಸಬ್‌ಟೈಟಲ್ ಇದ್ದರೆ ಅದನ್ನೂ ತೆಗೆದಿರಬೇಕು.

ಮುಂದಿನ ನಾಲ್ಕು ನಿಮಿಷ: ಇಬ್ಬರೂ ಎದುರಾದಲ್ಲಿಂದ ಹಣ ಕೈ ಸೇರುವ ಮೊದಲಿನವರೆಗೆ ತೋರಿಸಿ, ಧ್ವನಿಯಿಲ್ಲದೆ.

ಮುಂದಿನ ಹದಿನೈದು ನಿಮಿಷ ಬೋರ್ಡಿನ ಕೆಲಸ. ಮೂರು ಅಂಕಣ: ಕಂಡದ್ದು, ಅಂದುಕೊಂಡದ್ದು, ಅನ್ನಿಸಿದ್ದು. ಮಕ್ಕಳು ಓದಿ ಹೇಳಿದ ಪ್ರತಿ ವಾಕ್ಯ ಎಲ್ಲಿಗೆ ಸೇರಬೇಕೆಂದು ಅವರೇ ಹೇಳಲಿ. ನಿಜವಾದ ಕಲಿಕೆ ನಡೆಯುವುದು ಈ ಹದಿನೈದು ನಿಮಿಷದಲ್ಲಿ, ಅವಸರ ಬೇಡ. “ಮುದುಕನಿಗೆ ಹೆದರಿಕೆ” ಎಂದು ಒಬ್ಬಳು ಓದಿದಳು ಎನ್ನಿ. ಅದು ಕಂಡದ್ದಲ್ಲ, ಅಂದುಕೊಂಡದ್ದು. “ಹೆದರಿಕೆ ನಿಂಗೆ ಎಲ್ಲಿ ಕಾಣಿಸ್ತಮ್ಮಾ? ಕಣ್ಣಲ್ಲೋ, ನಿಂತ ರೀತೀಲೋ, ಕೈಯಲ್ಲೋ?” ಎಂದು ಕೇಳಿ. ಅವಳು ಮತ್ತೆ ನೆನಪು ಮಾಡಿಕೊಂಡು ಹೇಳಿದ ಮಾತು ಮೊದಲ ಅಂಕಣಕ್ಕೆ ಹೋಗುತ್ತದೆ. ಆಮೇಲೆ ತರಗತಿಗೆ ಕೇಳಿ: ಹಾಗೇ ನಿಂತವರು ಹೆದರಿಯೇ ನಿಂತಿರಬೇಕಾ? ಮರ್ಯಾದೆಗೆ ನಿಂತಿರಬಹುದಾ? ಬಿಸಿಲಿಗೆ ಕಣ್ಣು ಕಿರಿದು ಮಾಡಿರಬಹುದಾ? ಒಂದು ಕಂಡದ್ದಕ್ಕೆ ಮೂರು ಅಂದುಕೊಂಡದ್ದು ಬರುವ ತನಕ ಮುಂದಕ್ಕೆ ಹೋಗಬೇಡಿ.

ತಲೆ ಅಲ್ಲಾಡಿಸುವುದನ್ನು ಇಲ್ಲಿ ಎತ್ತಿಕೊಳ್ಳಬಹುದು. ನಾವು ತಲೆಯನ್ನು ಪಕ್ಕಕ್ಕೆ ಓಲಾಡಿಸಿದರೆ ಆಯ್ತು, ಸರಿ, ಕೇಳ್ತಾ ಇದೀನಿ ಎಂದು. ಹೊರಗಿನಿಂದ ಬಂದವರಿಗೆ ಅದು ಇಲ್ಲ ಎಂದಂತೆ ಕಾಣುತ್ತದೆ. ಇಬ್ಬಿಬ್ಬರು ಎದುರುಬದುರು ನಿಂತು ಒಂದು ನಿಮಿಷ ತಲೆಯಲ್ಲೇ ಮಾತಾಡಲಿ. ತರಗತಿಯಲ್ಲಿ ಅಸ್ಸಾಮಿನಿಂದಲೋ ಬಿಹಾರದಿಂದಲೋ ಬಂದ ಮಗು ಇದ್ದರೆ ಆಟ ಇನ್ನೂ ಚೆನ್ನಾಗಿರುತ್ತದೆ. ಆದರೆ ಆ ಮಗುವನ್ನು ಮುಂದೆ ಕರೆದು ಪ್ರದರ್ಶನ ಮಾಡಿಸಬಾರದು.

ಉಳಿದ ಹದಿನಾರು ನಿಮಿಷಕ್ಕೆ ಚೀಟಿಗಳು. ಅರ್ಧ ತರಗತಿಗೆ ಮುನಿಯ ಚೀಟಿ: “ನಿನ್ನ ಹತ್ತಿರ ಮಾರಲು ಇರುವುದು ಎರಡು ಮೇಕೆ ಮಾತ್ರ. ಈಚೆಗೆ ಊರ ಹತ್ತಿರ ಒಂದು ಹೆಣ ಸಿಕ್ಕಿದೆ. ಬಂದವನು ಖಾಕಿ ತೊಟ್ಟಿದ್ದಾನೆ. ನಿನಗೆ ಇಂಗ್ಲಿಷ್ ಬರುವುದಿಲ್ಲ.” ಇನ್ನರ್ಧಕ್ಕೆ ಅಮೆರಿಕನ್ನನ ಚೀಟಿ: “ಕಾರಿನ ಪೆಟ್ರೋಲ್ ಮುಗಿದಿದೆ. ಇಂಥ ಕುದುರೆಯನ್ನು ನೀನು ಎಂದೂ ಕಂಡಿಲ್ಲ. ಅದರ ನೆರಳಲ್ಲಿ ಕೂತವನೇ ಒಡೆಯ ಇರಬೇಕು. ನಿನಗೆ ಅವನ ಭಾಷೆ ಬರುವುದಿಲ್ಲ.” ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು. ಈಗ ಅದೇ ತುಣುಕನ್ನು ಧ್ವನಿಯೊಂದಿಗೆ, ಹಣ ಕೈ ಬದಲಾಗುವವರೆಗೆ ತೋರಿಸಿ. ಕೊನೆಗೆ ಪ್ರತಿಯೊಬ್ಬರೂ ಎರಡೇ ವಾಕ್ಯ ಬರೆಯಲಿ: ನಾನು ಏನನ್ನು ಕೊಟ್ಟೆ, ಏನನ್ನು ಪಡೆದೆ. ಹಾಳೆಗಳನ್ನು ಸಂಗ್ರಹಿಸಿಕೊಳ್ಳಿ. ಚರ್ಚೆ ಅವತ್ತು ಬೇಡ.

ಎರಡನೇ ಪಿರಿಯಡ್ ಮರುದಿನವೇ ಇರಲಿ, ವಾರ ದಾಟಿದರೆ ಬಿಸಿ ಆರಿಹೋಗುತ್ತದೆ. ಎರಡು ಗುಂಪಿನ ಹಾಳೆಗಳಿಂದ ಮೂರು ಮೂರು ವಾಕ್ಯವನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಒಂದು ಕಡೆ ಮೇಕೆ, ಒಂದು ಕಡೆ ಕುದುರೆ. ಆಗ ಪ್ರಶ್ನೆ: ಇಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ಯಾರೂ ಇಲ್ಲ ಎಂದಾದರೆ ನಷ್ಟ ಯಾರಿಗೆ? ಸ್ವಲ್ಪ ಹೊತ್ತಿಗೆ ಯಾರಾದರೂ ‘ಊರಿಗೆ’ ಎನ್ನುತ್ತಾರೆ. ಕುದುರೆ ಮುನಿಯದ್ದಲ್ಲವಲ್ಲ.

ತಮಿಳುನಾಡಿನ ಹಳ್ಳಿಗಳಲ್ಲಿ ಅಯ್ಯನಾರ್ ದೇವರಿಗೆ ಮಣ್ಣಿನ ಕುದುರೆ ಒಪ್ಪಿಸುವುದುಂಟು, ರಾತ್ರಿ ಅದನ್ನೇರಿ ಊರಿನ ಗಡಿ ಕಾಯುತ್ತಾನೆ ಎಂಬ ನಂಬಿಕೆ. ಈ ವಿಷಯವನ್ನು ಹೇಳಬೇಕಾದ್ದು ಈಗ. ಮೊದಲೇ ಹೇಳಿಬಿಟ್ಟರೆ ಮಕ್ಕಳು ಅಮೆರಿಕನ್ನನ್ನು ದಡ್ಡ ಎಂದು ಎಣಿಸುತ್ತಾರೆ, ಅವನ ಬೆರಗು ಅವರಿಗೆ ದಕ್ಕುವುದಿಲ್ಲ. ಆಮೇಲೆ ಕೇಳಿ: ನಿಮ್ಮೂರಿನ ಗಡಿಯಲ್ಲಿ ಏನಿದೆ? ಊರಬಾಗಿಲ ಹನುಮಂತ, ಮಾರಮ್ಮನ ಗುಡಿ, ನಾಗಬನ, ದರ್ಗಾ, ಶಿಲುಬೆ, ಕಲ್ಲುಕಂಬ. ಅದನ್ನು ಒಬ್ಬ ಬಂದು ಕೊಂಡುಕೊಳ್ಳುತ್ತೇನೆ ಎಂದರೆ ಯಾರನ್ನು ಕೇಳಬೇಕು? ಎಂಟನೇ ತರಗತಿಯವರೂ ಇಲ್ಲಿ ಗಂಭೀರವಾಗಿ ವಾದ ಮಾಡುತ್ತಾರೆ. ಕೇಳುವವರಿದ್ದರೆ ಹೇಳಿ: ನೂರು ವರ್ಷ ದಾಟಿದ ವಿಗ್ರಹಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ತಡೆಯುತ್ತದೆ.

ಸಿದ್ದನ ಕಥೆ: ನಿಲ್ಲಿಸಿ ಕೇಳುವ ವಿಧಾನ

ಸಿದ್ದ ಲೀಲಾಳ ಮನೆಯಲ್ಲಿ ಕೆಲಸಕ್ಕಿದ್ದಾನೆ, ಚಂದ್ರನ ಕಥೆ ಹೇಳುತ್ತಾನೆ. ಪುಟ್ಟ ಲೀಲಾ ಅವನಿಗೆ ಅಕ್ಷರ ಕಲಿಸಹೊರಡುತ್ತಾಳೆ. ಒಂದು ದಿನ ಅವಳ ಚಿನ್ನದ ಸರ ಕಾಣೆಯಾಗುತ್ತದೆ. ಸಿದ್ದನೂ ಕಾಣೆಯಾಗುತ್ತಾನೆ. ಪೊಲೀಸರು ಹಿಡಿದು ತರುತ್ತಾರೆ, ಅವನು ಹಿಂದೆ ಜೈಲು ಕಂಡವನಂತೆ. ಕೊನೆಗೆ ಸರ ಸಿಗುವುದು ಅಡುಗೆಮನೆಯ ಹುಣಸೆಹಣ್ಣಿನ ಮಡಕೆಯಲ್ಲಿ.

ಸರ ಕಾಣೆಯಾದ ಕೂಡಲೇ ನಿಲ್ಲಿಸಿ. “ಸರ ಎಲ್ಲಿದೆ?” ಎಂದು ಒಂದು ಸಾಲು ಬರೆಸಿ, ಹಾಳೆ ಮಡಚಿಸಿಡಿ. ಪೊಲೀಸರು ಅವನ ಹಿಂದಿನದನ್ನು ಹೇಳಿದ ಮೇಲೆ ಮತ್ತೆ ನಿಲ್ಲಿಸಿ, ಮಡಚಿದ ಹಾಳೆಯ ಹೊರಗೆ ಎರಡನೇ ಉತ್ತರ. ಮಡಕೆಯಲ್ಲಿ ಸರ ಸಿಕ್ಕ ಮೇಲೆ ಹಾಳೆ ಬಿಚ್ಚಿ ತಾವೇ ಓದಿಕೊಳ್ಳಲಿ. ಗಟ್ಟಿಯಾಗಿ ಓದಿಸಬೇಡಿ. ಬಹುಪಾಲು ಮಕ್ಕಳು ಸಿದ್ದನ ಹೆಸರು ಬರೆದಿರುತ್ತಾರೆ, ಅದನ್ನು ಬಯಲಿಗೆಳೆದು ನಾಚಿಸಿದರೆ ಮುಂದಿನ ಸಲ ಮೇಷ್ಟ್ರಿಗೆ ಬೇಕಾದ ಉತ್ತರವನ್ನೇ ಬರೆಯುತ್ತಾರೆ. ಕೇಳಬೇಕಾದ್ದು ಇದು: ಯಾವ ಮಾತು ಕೇಳಿದಾಗ ನಿಮಗೆ ಅನುಮಾನ ಬಂತು? ಸರ ಸಿಕ್ಕ ಮೇಲೂ ಲೀಲಾಳ ಅಪ್ಪ ‘ಅಂಥವನನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳುವುದು’ ಎಂಬ ನಿಲುವಿಗೇ ಅಂಟಿಕೊಳ್ಳುತ್ತಾರೆ. ಸಾಕ್ಷಿ ಬದಲಾದರೂ ಅಭಿಪ್ರಾಯ ಬದಲಾಗಲಿಲ್ಲ ಯಾಕೆ? ಈ ಪ್ರಶ್ನೆಗೆ ಹತ್ತು ನಿಮಿಷ ಬಿಡಿ.

ಎಚ್ಚರ ಬೇಕಾದ ಒಂದು ಮಾತು. ತರಗತಿಯಲ್ಲಿ ತಾಯಿ ಮನೆಗೆಲಸಕ್ಕೆ ಹೋಗುವ ಮಕ್ಕಳಿರುತ್ತಾರೆ. ಚರ್ಚೆಯಲ್ಲಿ ‘ಆಳು’ ಎಂಬ ಪದ ಓಡಾಡದಂತೆ ನೋಡಿಕೊಳ್ಳಿ, ಸಿದ್ದ ಎಂದೇ ಹೆಸರು ಹೇಳಲಿ.

ಎಬೆನೇಜರ್ ಮೇಷ್ಟ್ರು: ಸ್ಟಾಫ್ ರೂಮಿನ ಪಾಠ

ನಾರಾಯಣ್ ಅವರ 1935ರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಿಂದ ಬಂದ ಪ್ರಸಂಗ ಇದು. ಆಲ್ಬರ್ಟ್ ಮಿಷನ್ ಶಾಲೆಯಲ್ಲಿ ಬೈಬಲ್ ಪಾಠದ ಎಬೆನೇಜರ್ ಹಿಂದೂ ದೇವರುಗಳನ್ನು ಹೀಗಳೆಯುತ್ತಾರೆ, ಎದುರು ಪ್ರಶ್ನೆ ಹಾಕಿದ ಸ್ವಾಮಿಯ ಕಿವಿ ಹಿಂಡುತ್ತಾರೆ, ಅಪ್ಪ ಹೆಡ್‌ಮಾಸ್ಟರಿಗೆ ಕಾಗದ ಬರೆಯುತ್ತಾರೆ. ಇದನ್ನು ನೇರ ಮಕ್ಕಳ ಮುಂದಿಟ್ಟರೆ ತರಗತಿಯಲ್ಲಿರುವ ಒಬ್ಬಿಬ್ಬರು ಕ್ರೈಸ್ತ ಮಕ್ಕಳ ಕಡೆ ಎಲ್ಲರ ಕಣ್ಣೂ ತಿರುಗುತ್ತದೆ. ಅದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಶಿಕ್ಷಕರ ಸಭೆಯಲ್ಲಿ ಮಾತ್ರ ಇದರಷ್ಟು ಉಪಯೋಗದ ದೃಶ್ಯ ಇನ್ನೊಂದಿಲ್ಲ. ಆರರಿಂದ ಹತ್ತು ಶಿಕ್ಷಕರು, ಒಂದು ಗಂಟೆ. ನೋಡಿದ ಮೇಲೆ ಪ್ರತಿಯೊಬ್ಬರೂ ಎಬೆನೇಜರ್ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡು ಒಂದು ಹಾಳೆ ಬರೆಯಬೇಕು: ನಮ್ಮ ಶಾಲೆಯಲ್ಲಿ ಬಹುಸಂಖ್ಯೆಯವರ ನಂಬಿಕೆಯೇ ಸಹಜ ಎಂಬಂತೆ ನಾನು ಆಡುವ ಮಾತು ಯಾವುದು? ಪ್ರಾರ್ಥನೆ, ತಿಂಡಿ ಡಬ್ಬಿಯ ಬಗ್ಗೆ ಆಡುವ ಮಾತು, ಹಬ್ಬದ ರಜೆ, ಹಾಜರಿ ಕರೆಯುವಾಗ ಕೆಲವು ಹೆಸರುಗಳನ್ನು ತಪ್ಪಾಗಿ ಉಚ್ಚರಿಸಿ ಹಾಗೇ ಮುಂದೆ ಹೋಗುವುದು. ಹಾಳೆಯನ್ನು ಯಾರಿಗೂ ತೋರಿಸುವಂತಿಲ್ಲ. ಚರ್ಚೆ ನಡೆಯಬೇಕಾದ್ದು ಏನು ಬದಲಿಸುತ್ತೇವೆ ಎಂಬುದರ ಬಗ್ಗೆ ಮಾತ್ರ. ಸಂವಿಧಾನದ 51ಎ(ಇ) ವಿಧಿ ಧರ್ಮ, ಭಾಷೆ, ಪ್ರದೇಶದ ಭೇದ ಮೀರಿದ ಸಹೋದರಭಾವವನ್ನು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎನ್ನುತ್ತದೆ. ಅದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ನಾವು ಹಾಜರಿ ಪುಸ್ತಕದ ಹೆಸರುಗಳಿಂದಲಾದರೂ ಶುರು ಮಾಡಬೇಕು.

ಎಲ್ಲಿ ಕೆಡುತ್ತದೆ, ಯಾಕೆ

ಅತಿ ಹೆಚ್ಚು ಕೆಡುವುದು ಒಂದು ಮಗುವನ್ನು ಅದರ ಸಮುದಾಯದ ವಕ್ತಾರ ಮಾಡುವುದರಿಂದ. “ಹೇಳಪ್ಪಾ, ನಿಮ್ಮಲ್ಲಿ ಹೇಗೆ ಮಾಡ್ತೀರಿ?” ಎಂದು ಮೇಷ್ಟ್ರು ಒಳ್ಳೆ ಮನಸ್ಸಿನಿಂದಲೇ ಕೇಳಿರುತ್ತಾರೆ. ಕೇಳಿದ ಗಳಿಗೆಯಲ್ಲೇ ಆ ಮಗು ‘ನಿಮ್ಮಲ್ಲಿ’ ಎಂಬ ಗೆರೆಯ ಆಚೆ ಹೋಯಿತು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: ನಿಮ್ಮ ನಿಮ್ಮ ಮನೆಯಲ್ಲಿ ಹೇಗೆ? ಲಿಂಗಾಯತರ ಮನೆ, ಬ್ಯಾರಿಗಳ ಮನೆ, ಲಂಬಾಣಿ ತಾಂಡಾ, ಕೊಡವರ ಐನ್‌ಮನೆ ಎಲ್ಲವೂ ಅದರೊಳಗೆ ತಾನಾಗೇ ಬರುತ್ತವೆ, ಬಯಸದವರು ಸುಮ್ಮನಿರಬಹುದು.

ಎರಡನೆಯದು ‘ನಾವೆಲ್ಲರೂ ಒಂದೇ’ ಎಂಬ ಅವಸರದ ಮಂಗಳಾರತಿ. ಗಂಟೆ ಹೊಡೆಯುವ ಮುಂಚೆ ಮುಗಿಸಬೇಕಲ್ಲ ಎಂದು ಮೇಷ್ಟ್ರೇ ಹೇಳಿಬಿಡುತ್ತಾರೆ. ಮುನಿ ಮತ್ತು ಅಮೆರಿಕನ್ ಒಂದೇ ಅಲ್ಲ, ಒಬ್ಬನ ಹತ್ತಿರ ಕಾರಿದೆ, ನೂರು ರೂಪಾಯಿ ಇದೆ. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಟ್ಟು ಗಂಟೆ ಹೊಡೆಯಲಿ.

ಅಮೆರಿಕದ ಶಿಕ್ಷಣತಜ್ಞ ಜೇಮ್ಸ್ ಬ್ಯಾಂಕ್ಸ್ ಬಹುಸಂಸ್ಕೃತಿಯ ಪಾಠಕ್ಕೆ ನಾಲ್ಕು ಹಂತ ಹೇಳುತ್ತಾರೆ. ಕೆಳಗಿನದು ಹಬ್ಬ, ವೀರರು, ತಿನಿಸುಗಳ ಪರಿಚಯ. ಅದರ ಮೇಲಿನದು ಪಠ್ಯಕ್ಕೆ ಒಂದು ಅಧ್ಯಾಯ ಸೇರಿಸುವುದು. ಮೂರನೆಯದು ಅದೇ ಘಟನೆಯನ್ನು ಬೇರೆಯವರ ಕಣ್ಣಿಂದ ನೋಡುವುದು. ನಾಲ್ಕನೆಯದು ಅದರಿಂದ ಏನಾದರೂ ಮಾಡುವುದು. ನಮ್ಮ ಶಾಲೆಗಳ ವೇಷಭೂಷಣ ದಿನಾಚರಣೆ ಕೆಳಗಿನ ಮೆಟ್ಟಿಲಲ್ಲೇ ನಿಲ್ಲುತ್ತದೆ. ಚೀಟಿಯ ವಿಧಾನ ಮೂರನೆಯದಕ್ಕೆ ಹತ್ತಿಸುತ್ತದೆ, ಅದಕ್ಕೇ ಅದನ್ನು ಬಿಡಬಾರದು.

ಉಚ್ಚಾರಕ್ಕೆ ನಗು ಬಂದರೆ ಬೈಯಬೇಡಿ, ತುಣುಕನ್ನು ನಿಲ್ಲಿಸಿ. “ಈಗ ಯಾವುದಕ್ಕೆ ನಗು ಬಂತು?” ಎಂದು ಸಮಾಧಾನವಾಗಿ ಕೇಳಿ. ಉತ್ತರ ಬಾರದಿದ್ದರೂ ಪರವಾಗಿಲ್ಲ, ಪ್ರಶ್ನೆ ಕೆಲಸ ಮಾಡಿರುತ್ತದೆ.

ಇಲ್ಲದವರನ್ನು ಹುಡುಕುವುದು

ಈ ಧಾರಾವಾಹಿಯನ್ನು ಪ್ರೀತಿಸುವವರಿಗೆ ಇದು ಕಷ್ಟದ ಹೆಜ್ಜೆ. ಸ್ವಾಮಿ, ಮಣಿ, ರಾಜಮ್, ಶಂಕರ, ಸೋಮು, ಸ್ಯಾಮ್ಯುಯೆಲ್: ಗೆಳೆಯರ ಬಳಗದಲ್ಲಿ ಒಬ್ಬ ಕ್ರೈಸ್ತ ಹುಡುಗ ಇದ್ದಾನೆ, ಹುಡುಗಿ ಒಬ್ಬಳೂ ಇಲ್ಲ. ಆ ಬೀದಿಯ ಕೊಳೆ ಯಾರು ತೆಗೆಯುತ್ತಿದ್ದರು? ಅವರ ಮಗ ಆಲ್ಬರ್ಟ್ ಮಿಷನ್ ಶಾಲೆಗೆ ಬರುತ್ತಿದ್ದನಾ? ಒಂದು ಚಾರ್ಟಿನ ಮೇಲೆ ಮಕ್ಕಳು ಮಾಲ್ಗುಡಿಯ ಬೀದಿ ಬಿಡಿಸಲಿ, ಧಾರಾವಾಹಿಯಲ್ಲಿ ಕಂಡ ಮನೆಗಳಿಗೆ ನೀಲಿ ಬಣ್ಣ, ಇರಲೇಬೇಕಿದ್ದ ಆದರೆ ಕಾಣದ ಮನೆಗಳಿಗೆ ಬಣ್ಣವಿಲ್ಲದ ಬರೀ ಗೆರೆ. ಆ ಬರೀ ಗೆರೆಯ ಮನೆಯೊಂದರಿಂದ ಸ್ವಾಮಿಗೆ ಒಂದು ಕಾಗದ ಬರೆಯುವುದು ಮನೆಗೆಲಸ. ಅರ್ಧ ಪುಟ ಸಾಕು.

ಅಮೆರಿಕ, ಬ್ರಿಟನ್ ಕಡೆಯ ಕನ್ನಡ ಕಲಿ ತರಗತಿಗಳಲ್ಲಿ ಇದೇ ಪಾಠ ಮಾಡುವವರು ಒಂದು ಬದಲಾವಣೆ ಮಾಡಿಕೊಳ್ಳಬೇಕು. ಅಲ್ಲಿ ಹುಟ್ಟಿದ ಮಕ್ಕಳಿಗೆ ಮುನಿಗಿಂತ ಅಮೆರಿಕನ್ನೇ ಹತ್ತಿರ. ಅವರಿಗೆ ಮೊದಲು ಮುನಿಯ ಚೀಟಿ ಕೊಡಿ, ಅಜ್ಜ ಅಜ್ಜಿ ಜೊತೆಗಿದ್ದರೆ ಅವರಿಗೆ ಅಮೆರಿಕನ್ನನದು.

ಪಾಠವಾದ ಸಂಜೆ

ಮೊದಲ ದಿನದ ಮೂರು ಅಂಕಣದ ಪುಟ ತೆಗೆಯಿರಿ. ನೀವು ನಕ್ಕ ಜಾಗದಲ್ಲಿ ಮಕ್ಕಳು ನಕ್ಕರಾ? ತರಗತಿಯಲ್ಲಿ ಯಾರು ಒಂದೂ ಮಾತಾಡಲಿಲ್ಲ? ಅವರ ಹೆಸರು ಬರೆದಿಡಿ. ಅದು ಆ ಮಕ್ಕಳ ಕೊರತೆ ಎಂದು ತಿಳಿಯಬೇಡಿ. ಮುಂದಿನ ತುಣುಕು ಆರಿಸುವಾಗ ಆ ಹೆಸರುಗಳು ಎದುರಿಗಿರಲಿ. ಒಂದೇ ಹೆಸರು ಮೂರು ಸಲ ಬಂದರೆ ಮಾತಿನ ಚರ್ಚೆ ಬಿಟ್ಟು ಚೀಟಿ, ಚಿತ್ರ, ಕಾಗದದ ಕೆಲಸವನ್ನೇ ಎರಡು ವಾರ ಮಾಡಿ. ವರ್ಷಕ್ಕೆ ನಾಲ್ಕೈದು ತುಣುಕು ಸಾಕು. ಮುಂದಿನದಕ್ಕೆ ಚೀಟಿ ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು.